ಅಟ್ಟದ ಕೊಬ್ಬರಿ, ಎನ್‌ಆರ್‌ಇ ಠೇವಣಿ

ಕಂದಿಕೆರೆ ಹೋಬಳಿಯ ಹುಡುಗನೊಬ್ಬ ಓದು ಮುಗಿಸಿದವನೇ ದುಬೈಗೋ ಡಬ್ಲಿನ್‌ಗೋ ಹೋದ ಅಂತಿಟ್ಟುಕೊಳ್ಳಿ. ಕೈತುಂಬ ಸಂಬಳ. ಊರಲ್ಲಿರೋ ಅಪ್ಪ-ಅಮ್ಮನ ಆಸ್ಪತ್ರೆ ಖರ್ಚಿಗೆ, ಬಸ್ಸು-ರೈಲಿನ ಟಿಕೆಟ್ಟಿಗೆ ಅನುಕೂಲ ಆಗ್ಲಿ ಅಂತ ಇಲ್ಲಿನ ಬ್ಯಾಂಕೊಂದರಲ್ಲಿ ಕ್ರೆಡಿಟ್ ಕಾರ್ಡ್ ಕೇಳ್ತಾನೆ. ಬ್ಯಾಂಕಿನವರು ಇಲ್ಲಿಯ ಸಂಬಳದ ಚೀಟಿ ಕೇಳ್ತಾರೆ, ಇಲ್ಲ. ಆದಾಯ ತೆರಿಗೆ ರಿಟರ್ನ್ ಕೇಳ್ತಾರೆ. ಅದೂ ಇಲ್ಲ, ಯಾಕಂದ್ರೆ ಅಲ್ಲಿಯ ದುಡಿಮೆಗೆ ಅವನು ಇಲ್ಲಿ ತೆರಿಗೆ ಕಟ್ಟಬೇಕಿಲ್ಲ. ಸಿಬಿಲ್ ಸ್ಕೋರ್ ನೋಡೋಣ ಅಂದ್ರೆ, ಇಲ್ಲಿ ಒಂದು ರೂಪಾಯಿ ಸಾಲವನ್ನೂ ಮಾಡದವನ ಬಗ್ಗೆ ಅವರ ಹತ್ತಿರ ಏನಿರುತ್ತೆ? ಬಹಳಷ್ಟು ಸಲ ಕೊನೆಗೆ ಸಿಗುವ ಉತ್ತರ ಒಂದೇ: ಒಂದು ಎಫ್‌ಡಿ ಇಡಿ, ಅದರ ಮೇಲೆ ಕಾರ್ಡ್ ಕೊಡ್ತೀವಿ.

ನನ್ನ ದುಡ್ಡನ್ನೇ ನನಗೆ ಸಾಲ ಕೊಡ್ತೀರಾ ಅಂತ ಸಿಟ್ಟು ಬರೋದು ಸಹಜ. ಆದರೆ ಈ ಉತ್ತರಕ್ಕೆ ಚರಿತ್ರೆ ಇದೆ. ಒಂದು ತುದಿ ತಿಪಟೂರಿನಲ್ಲಿ, ಇನ್ನೊಂದು ದೆಹಲಿಯಲ್ಲಿ.

ಮೊದಲು ತಿಪಟೂರು. ಈ ಸೀಮೆಯ ಕೊಬ್ಬರಿ ಕರಾವಳಿಯ ಹಾಗೆ ಬಿಸಿಲಲ್ಲಿ ಒಣಗಿಸಿದ ಹೋಳಲ್ಲ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಹತ್ತಿರ ಹತ್ತಿರ ಒಂದು ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಗಡಗಡ ಅನ್ನಬೇಕು. ಅಲ್ಲೀವರೆಗೆ ಮನೆ ನಡೆಯೋದು ಹೇಗೆ? ಮಂಡಿಯಿಂದ ಮುಂಗಡ. ಮದುವೆಗೆ, ಕಾಯಿಲೆಗೆ, ಮಕ್ಕಳ ಫೀಸಿಗೆ, ಎಲ್ಲಕ್ಕೂ ಮಂಡಿ. ಅಲ್ಲಿ ಯಾರೂ ಸಂಬಳದ ಚೀಟಿ ಕೇಳುತ್ತಿರಲಿಲ್ಲ. ತೋಟ ಎಷ್ಟು ಎಕರೆ, ಅಟ್ಟದಲ್ಲಿ ಎಷ್ಟು ಸಾವಿರ ಕಾಯಿ, ಹೋದ ಸಲದ ಬಾಕಿ ತೀರಿತಾ ಅನ್ನೋದೆಲ್ಲ ಮಂಡಿಯವರ ಖಾತೆ ಪುಸ್ತಕದಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ ತಲೆಯಲ್ಲಿತ್ತು.

ಇದನ್ನು ಹಳೇ ಕಾಲದ ನಂಬಿಕೆ ಅಂತ ಹೊಗಳುವವರಿದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ. ಮುಂಗಡ ತಂದವನು ಕೊಬ್ಬರಿಯನ್ನು ಅದೇ ಮಂಡಿಗೆ ಹಾಕಬೇಕು; ಬೆಲೆ ಏರಲಿ ಅಂತ ಕಾಯೋ ಹಾಗಿಲ್ಲ. ತೋಟ ಇಲ್ಲದ ಕೂಲಿಯವನಿಗೆ ಆ ಪುಸ್ತಕದಲ್ಲಿ ಪುಟವೇ ಇಲ್ಲ. ಅದು ಬರೀ ನಂಬಿಕೆಯ ಸಾಲ ಆಗಿರಲಿಲ್ಲ, ಅಟ್ಟದ ಮೇಲಿನ ಕಾಯಿ ನೋಡಿ ಕೊಟ್ಟ ಸಾಲ. ಅಡವು ಕಾಗದ ಇರಲಿಲ್ಲ, ಅಷ್ಟೇ.

ಇನ್ನು ದೆಹಲಿ. ಹೊರದೇಶದಲ್ಲಿ ದುಡಿಯುವವರಿಗಾಗಿ ಎನ್‌ಆರ್‌ಇ ಖಾತೆ ಶುರುವಾದದ್ದು 1970ರಲ್ಲಿ. 1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕೆಲಸ ಹೆಚ್ಚಿತು. ಅದೇ ವರ್ಷ ಇಲ್ಲಿ ಫೆರಾ ಕಾಯ್ದೆ ಬಂತು, ಒಂದೊಂದು ಡಾಲರಿಗೂ ಲೆಕ್ಕ. 1975ರಲ್ಲಿ ವಿದೇಶಿ ಕರೆನ್ಸಿಯಲ್ಲೇ ಠೇವಣಿ ಇಡುವ ಎಫ್‌ಸಿಎನ್‌ಆರ್ ಬಂತು. ಎಲ್ಲದರ ಉದ್ದೇಶ ಒಂದೇ, ಅನಿವಾಸಿಗಳ ಹಣ ಇಲ್ಲಿಗೆ ಬರಬೇಕು. ಅವರಿಗೂ ಸಾಲ ಬೇಕಾಗಬಹುದು ಅನ್ನೋದು ಆಗ ಯಾರಿಗೂ ಮುಖ್ಯ ಅನ್ನಿಸಿರಲಿಲ್ಲ.

ಆ ಹಣ ಎಷ್ಟು ಚಂಚಲ ಅಂತ ಗೊತ್ತಾಗಿದ್ದು 1990-91ರಲ್ಲಿ. ದೇಶದ ಮೇಲೆ ಅನುಮಾನ ಬಂದ ಕೂಡಲೇ ಅನಿವಾಸಿಗಳು ಠೇವಣಿ ತೆಗೆಯತೊಡಗಿದರು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಅಡವಿಟ್ಟು ಸುಮಾರು 40 ಕೋಟಿ ಡಾಲರ್ ತಂದಿತು. ಬರೀ ಮಾತಿನ ಮೇಲೆ ಸಾಲ ಹುಟ್ಟದೆ, ಇಡೀ ದೇಶವೇ ಎಫ್‌ಡಿ ಇಟ್ಟು ಕಾರ್ಡ್ ತಗೊಂಡ ಹಾಗಾಯ್ತು ಅನ್ನಿ! 1998ರಲ್ಲಿ ಪೋಖ್ರಾನ್ ಪರೀಕ್ಷೆಯ ನಂತರ ನಿರ್ಬಂಧಗಳು ಬಿದ್ದಾಗ ಮತ್ತೆ ನೆನಪಾದದ್ದು ಅನಿವಾಸಿಗಳೇ. ಎಸ್‌ಬಿಐ ಹೊರಡಿಸಿದ ರಿಸರ್ಜೆಂಟ್ ಇಂಡಿಯಾ ಬಾಂಡಿಗೆ 400 ಕೋಟಿ ಡಾಲರಿಗೂ ಹೆಚ್ಚು ಬಂತು.

ಸಿಬಿಲ್ ಹುಟ್ಟಿದ್ದು 2000ದಲ್ಲಿ, ಸಾಲದ ಮಾಹಿತಿ ಕಂಪನಿಗಳ ಕಾಯ್ದೆ ಬಂದದ್ದು 2005ರಲ್ಲಿ. 300ರಿಂದ 900ರ ಆ ಅಂಕಿ ನಿಮ್ಮ ತೋಟ ಕೇಳೋದಿಲ್ಲ, ಜಾತಿ ಕೇಳೋದಿಲ್ಲ. ಅಷ್ಟರ ಮಟ್ಟಿಗೆ ಮಂಡಿಗಿಂತ ವಾಸಿ. ಆದರೆ ಅದಕ್ಕೆ ಗೊತ್ತಿರೋದು ಇಲ್ಲಿನ ಬ್ಯಾಂಕು, ಫೈನಾನ್ಸ್ ಕಂಪನಿಗಳು ಕಳಿಸಿದ ಲೆಕ್ಕ ಮಾತ್ರ. ತಿಪಟೂರಿನ ಮಂಡಿ ಪುಸ್ತಕ ಅರಸೀಕೆರೆಯಲ್ಲಿ ನಡೆಯದ ಹಾಗೆ, ಡಬ್ಲಿನ್‌ನಲ್ಲಿ ನಾಲ್ಕು ವರ್ಷ ತಪ್ಪದೆ ಕಟ್ಟಿದ ಬಿಲ್ಲು ಇಲ್ಲಿ ಲೆಕ್ಕಕ್ಕಿಲ್ಲ.

ಹಾಗಾಗಿ ಎಫ್‌ಡಿ ಕಾರ್ಡನ್ನು ಅವಮಾನ ಅಂದುಕೊಳ್ಳಬೇಡಿ, ಹೊಸ ಖಾತೆ ಪುಸ್ತಕದ ಮೊದಲ ಪುಟ ಅಂದುಕೊಳ್ಳಿ. ಠೇವಣಿಯ ಒಂದು ಪಾಲು ಕಾರ್ಡಿನ ಮಿತಿ ಆಗುತ್ತೆ; ಕಾರ್ಡ್ ಇರೋವರೆಗೆ ಆ ಎಫ್‌ಡಿ ಮುರಿಯೋ ಹಾಗಿಲ್ಲ, ಬಡ್ಡಿ ಮಾತ್ರ ನಿಮ್ಮದೇ. ಎನ್‌ಆರ್‌ಇ ಎಫ್‌ಡಿಯ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಆದರೆ ಮೂಲದಲ್ಲೇ ಶೇ 30ರ ಮೇಲೆ ಕಡಿತ. ಹೊರಡುವ ಮೊದಲಿನ ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ ಬದಲಾಯಿಸಬೇಕು ಅನ್ನೋದನ್ನ ಬಹಳ ಜನ ಮರೀತಾರೆ. ಊರಲ್ಲಿರೋ ಅಪ್ಪನಿಗೆ ಆಡ್-ಆನ್ ಕಾರ್ಡ್ ಸಿಗುತ್ತಾ ಅಂತ ಮೊದಲೇ ಕೇಳ್ಕೊಳ್ಳಿ, ಆಸ್ಪತ್ರೆ ಕೌಂಟರಿನಲ್ಲಿ ನಿಲ್ಲೋರು ಅವರೇ. ಮುಂದೊಂದು ದಿನ ಹುಡುಗ ಕಾಯಂ ಆಗಿ ಕಂದಿಕೆರೆಗೆ ವಾಪಸ್ ಬಂದರೆ ಎನ್‌ಆರ್‌ಇ ಖಾತೆಯ ಹಣೆಪಟ್ಟಿ ಬದಲಾಗುತ್ತೆ. ಸ್ಕೋರ್ ಹಾಗೇ ಉಳಿಯುತ್ತೆ.