ಮೆರ್ಲಿನ್ ಎಂಜಿನ್ ಮತ್ತು ನಕ್ಷೆಗಳ ಭಾಷಾಂತರ

ಯುದ್ಧದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಸೇನಾಪತಿಗಳ ಹೆಸರಿನಲ್ಲಿ ಓದುತ್ತೇವೆ. ಎರಡನೆಯ ಮಹಾಯುದ್ಧದಲ್ಲಿ ಆಕಾಶದಲ್ಲಿ ನಡೆದ ಕದನಗಳ ಬಗ್ಗೆ ಬರೆದವರು ವಿಮಾನಗಳ ಹೆಸರು ಹೇಳುತ್ತಾರೆ, ಅವನ್ನು ಹಾರಿಸಿದ ವೀರರನ್ನು ಹೊಗಳುತ್ತಾರೆ. ಆ ವಿಮಾನದೊಳಗಿನ ಎಂಜಿನ್ ಹೇಗೆ ಬಂತು, ಅದನ್ನು ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ, ಒಂದು ದೇಶದಿಂದ ಇನ್ನೊಂದಕ್ಕೆ ದಾಟಿಸಿದ್ದು ಹೇಗೆ ಎಂಬುದು ಅಡಿಟಿಪ್ಪಣಿಯಾಗಿ ಉಳಿದುಬಿಡುತ್ತದೆ. ಬಹಳ ವರ್ಷ ಎಂಜಿನಿಯರಿಂಗ್ ಡ್ರಾಯಿಂಗ್ ಪಾಠ ಹೇಳಿದ ನನಗೆ ಆ ಅಡಿಟಿಪ್ಪಣಿಯೇ ಮುಖ್ಯ ಕಥೆಯಾಗಿ ಕಾಣುತ್ತದೆ. ಅದರಲ್ಲಿ ನಮ್ಮಂಥ ಎರಡು ಭಾಷೆಯ ಜನರಿಗೆ ಬೇಕಾದ ಒಂದು ಸಂಗತಿಯೂ ಇದೆ.

ಮೊದಲು ಎಂಜಿನ್ನಿನ ವಿಷಯ. ಸಿಲಿಂಡರಿನೊಳಗೆ ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಒಂದು ಪಾಲು ಮಾತ್ರ ಪಂಖವನ್ನು ತಿರುಗಿಸುತ್ತದೆ. ಮಿಕ್ಕ ಶಾಖವನ್ನು ಹೊರಹಾಕದಿದ್ದರೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಬಿಗಿದುಕೊಂಡು ನಿಲ್ಲುತ್ತದೆ. ಇದಕ್ಕೆ ಎರಡು ದಾರಿಗಳಿದ್ದವು. ಸಿಲಿಂಡರುಗಳನ್ನು ವೃತ್ತಾಕಾರವಾಗಿ ಜೋಡಿಸಿ, ಎದುರಿನಿಂದ ಬೀಸುವ ಗಾಳಿಗೆ ಒಡ್ಡುವುದು ಒಂದು. ಸಿಲಿಂಡರುಗಳನ್ನು ಒಂದರ ಹಿಂದೊಂದರಂತೆ ಎರಡು ಸಾಲಿನಲ್ಲಿ ನಿಲ್ಲಿಸಿ, ಅವುಗಳ ಸುತ್ತ ದ್ರವವನ್ನು ಹರಿಸಿ, ಆ ದ್ರವವನ್ನು ರೇಡಿಯೇಟರಿನಲ್ಲಿ ತಣಿಸುವುದು ಇನ್ನೊಂದು. ಎರಡನೆಯದರಲ್ಲಿ ವಿಮಾನದ ಮೂತಿ ಸಪೂರವಾಗುತ್ತದೆ, ಗಾಳಿಯ ತಡೆ ಕಡಿಮೆಯಾಗುತ್ತದೆ. ಆದರೆ ರೇಡಿಯೇಟರಿಗೆ ಒಂದು ಗುಂಡು ತಗಲಿದರೆ ಸಾಕು, ದ್ರವವೆಲ್ಲ ಸೋರಿ ಎಂಜಿನ್ ಕೈಕೊಡುತ್ತದೆ. ವೇಗ ಬೇಕೆಂದವರು ಈ ಅಪಾಯವನ್ನು ಒಪ್ಪಿಕೊಂಡೇ ಹೊರಟರು.

ಇಂಗ್ಲೆಂಡಿನ ರೋಲ್ಸ್-ರಾಯ್ಸ್ ಸಂಸ್ಥೆ ಸರಕಾರದ ಹಣಕ್ಕೆ ಕಾಯದೆ ತನ್ನದೇ ಖರ್ಚಿನಲ್ಲಿ ಇಂಥ ಒಂದು ಎಂಜಿನನ್ನು ಆರಂಭಿಸಿತು. 12 ಸಿಲಿಂಡರು, 27 ಲೀಟರು ಗಾತ್ರ. ಸಂಸ್ಥೆಯ ಹೆನ್ರಿ ರಾಯ್ಸ್ 1933ರ ಏಪ್ರಿಲಿನಲ್ಲಿ ತೀರಿಕೊಂಡರು. ಎಂಜಿನ್ ಮೊದಲ ಬಾರಿಗೆ ಓಡಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಅದಕ್ಕಿಟ್ಟ ಹೆಸರು ಮೆರ್ಲಿನ್. ಹಳೆಯ ಕಥೆಗಳ ಮಂತ್ರವಾದಿಯ ಹೆಸರಲ್ಲ ಅದು, ಸಣ್ಣ ಜಾತಿಯ ಒಂದು ಬೇಟೆಹಕ್ಕಿಯ ಹೆಸರು.

ಹುಟ್ಟಿದಾಗ ಅದು ಪರಿಪೂರ್ಣವಾಗಿರಲಿಲ್ಲ. ನೀರನ್ನು ಹಬೆಯಾಗಿಸಿ ಮತ್ತೆ ನೀರಾಗಿಸುವ ತಣಿಸುವಿಕೆಯನ್ನು ಮೊದಲು ಪ್ರಯತ್ನಿಸಿ ಕೈಬಿಟ್ಟರು. ಆಮೇಲೆ ಶುದ್ಧ ಗ್ಲೈಕಾಲ್ ತುಂಬಿದರು. ಅದು ಬೇಗ ಕುದಿಯುವುದಿಲ್ಲ ನಿಜ. ಆದರೆ ನೀರಿನಷ್ಟು ಚೆನ್ನಾಗಿ ಶಾಖವನ್ನು ಹೊರುವುದಿಲ್ಲ, ಸೋರುತ್ತದೆ, ಬೆಂಕಿಯೂ ಹಿಡಿಯುತ್ತದೆ. ಕೊನೆಗೆ 70 ಪಾಲು ನೀರು, 30 ಪಾಲು ಗ್ಲೈಕಾಲ್ ಬೆರೆಸಿ, ಆ ಮಿಶ್ರಣವನ್ನು ಒತ್ತಡದಲ್ಲಿಟ್ಟರು. ಒತ್ತಡವಿದ್ದುದರಿಂದ ಎತ್ತರದ ತೆಳುಗಾಳಿಯಲ್ಲೂ ನೀರು ಬೇಗ ಕುದಿಯಲಿಲ್ಲ. ನಮ್ಮ ಅಡುಗೆಮನೆಯ ಕುಕ್ಕರಿನ ತತ್ತ್ವವೇ ಇದು.

1940ರ ಬ್ರಿಟನ್ ಕದನದಲ್ಲಿ ಹರಿಕೇನ್, ಸ್ಪಿಟ್‌ಫೈರ್ ವಿಮಾನಗಳಲ್ಲಿದ್ದ ಈ ಎಂಜಿನ್ ಸುಮಾರು 1,030 ಅಶ್ವಶಕ್ತಿಯದು. ಯುದ್ಧ ಮುಗಿಯುವ ಹೊತ್ತಿಗೆ ಅದೇ 27 ಲೀಟರಿನ ಎಂಜಿನ್ 2,000ಕ್ಕೂ ಮಿಕ್ಕಿದ ಅಶ್ವಶಕ್ತಿ ಕೊಡುತ್ತಿತ್ತು. ಗಾತ್ರ ಬೆಳೆಯಲಿಲ್ಲ, ಉಸಿರಾಟ ಸುಧಾರಿಸಿತು. ಅಮೆರಿಕದಿಂದ ಬಂದ 100 ಆಕ್ಟೇನ್ ಇಂಧನ ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಸ್ಟ್ಯಾನ್ಲಿ ಹುಕರ್. ಗಣಿತ ಮತ್ತು ದ್ರವಗಳ ಚಲನೆಯನ್ನು ಅಭ್ಯಾಸ ಮಾಡಿದ್ದ ಈತ 1938ರಲ್ಲಿ ಸಂಸ್ಥೆಗೆ ಸೇರಿ, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರಿನ ಲೆಕ್ಕವನ್ನು ಹೊಸದಾಗಿ ಹಾಕಿದರು. ಗಾಳಿಯನ್ನು ಎರಡು ಹಂತಗಳಲ್ಲಿ ಒತ್ತಿ, ನಡುವೆ ತಣಿಸಿ ಕೊಡುವ ಮಾದರಿ 1942ರಲ್ಲಿ ಸ್ಪಿಟ್‌ಫೈರಿಗೆ ಬಂತು.

ಒಂದು ದೋಷವನ್ನು ಸರಿಪಡಿಸಿದವರು ಒಬ್ಬ ಮಹಿಳೆ. ಜರ್ಮನಿಯ ಡೈಮ್ಲರ್-ಬೆಂಝ್ ಎಂಜಿನ್ನಿಗೆ ಇಂಧನವನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ವ್ಯವಸ್ಥೆಯಿತ್ತು. ಮೆರ್ಲಿನ್ನಿಗಿದ್ದುದು ಕಾರ್ಬ್ಯುರೇಟರ್. ಜರ್ಮನ್ ವಿಮಾನ ಥಟ್ಟನೆ ಮೂತಿ ತಗ್ಗಿಸಿ ಧುಮುಕಿದರೆ, ಹಿಂಬಾಲಿಸಿದ ಸ್ಪಿಟ್‌ಫೈರಿನ ಎಂಜಿನ್ ಕಾರ್ಬ್ಯುರೇಟರಿನೊಳಗೆ ಪೆಟ್ರೋಲು ಉಕ್ಕಿ ಕೆಮ್ಮುತ್ತಿತ್ತು, ಕೆಲವೊಮ್ಮೆ ನಿಂತೇಹೋಗುತ್ತಿತ್ತು. ಫಾರ್ನ್‌ಬರೋದ ಸಂಶೋಧನಾಲಯದಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಪೆಟ್ರೋಲಿನ ಹರಿವನ್ನು ಮಿತಿಗೊಳಿಸುವ, ನಡುವೆ ತೂತಿರುವ ಒಂದು ಪುಟ್ಟ ಹಿತ್ತಾಳೆಯ ತುಂಡನ್ನು ರೂಪಿಸಿದರು. 1941ರಲ್ಲಿ ತಮ್ಮ ಸಣ್ಣ ತಂಡದೊಂದಿಗೆ ವಿಮಾನನೆಲೆಯಿಂದ ವಿಮಾನನೆಲೆಗೆ ಹೋಗಿ ಅದನ್ನು ಜೋಡಿಸಿಕೊಟ್ಟರು. ಪೂರ್ಣ ಪರಿಹಾರ ಆಮೇಲೆ ಬಂತು. ಆದರೆ ಅದು ಬರುವ ತನಕ ವೈಮಾನಿಕರ ಜೀವ ಕಾಯ್ದದ್ದು ಆ ಹಿತ್ತಾಳೆಯ ತುಂಡು.

ಇಷ್ಟಾದರೂ ಒಂದೆರಡು ಕಾರ್ಖಾನೆಗಳಿಂದ ಯುದ್ಧದ ಹಸಿವು ತೀರುವಂತಿರಲಿಲ್ಲ. ಡರ್ಬಿ, ಕ್ರೂ, ಗ್ಲಾಸ್ಗೋಗಳ ಜೊತೆಗೆ ಮ್ಯಾಂಚೆಸ್ಟರಿನಲ್ಲಿ ಬ್ರಿಟನ್ನಿನ ಫೋರ್ಡ್ ಸಂಸ್ಥೆಗೂ ಮೆರ್ಲಿನ್ ಮಾಡುವ ಕೆಲಸ ವಹಿಸಲಾಯಿತು. ನಾನು ಹೇಳಹೊರಟ ಮುಖ್ಯ ಮಾತು ಇಲ್ಲಿಂದ ಶುರು.

ಆಗ ನಡೆದುದನ್ನು ಹುಕರ್ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ನಕ್ಷೆಗಳನ್ನು ಇಟ್ಟುಕೊಂಡು ಎಂಜಿನ್ ಮಾಡಲಾಗದು ಎಂದು ಫೋರ್ಡಿನ ಎಂಜಿನಿಯರ್ ಹೇಳಿದಾಗ, ಅಳತೆ ತೀರಾ ಬಿಗಿಯಾಯಿತೇನೋ ಎಂದು ಹುಕರ್ ಭಾವಿಸಿದರಂತೆ. ಸಿಕ್ಕಿದ ಉತ್ತರ ತದ್ವಿರುದ್ಧ: ಅಳತೆ ತೀರಾ ಸಡಿಲವಾಗಿದೆ! ಡರ್ಬಿಯಲ್ಲಿ ನುರಿತ ಕುಶಲಕರ್ಮಿ ಒಂದೊಂದು ಭಾಗವನ್ನೂ ಕೈಯಲ್ಲಿ ಹಿಡಿದು ಉಜ್ಜಿ, ಹೊಂದಿಸಿ ಕೂರಿಸುತ್ತಿದ್ದ. ನಕ್ಷೆಯಲ್ಲಿ ಬರೆಯದೆ ಬಿಟ್ಟದ್ದು ಅವನ ಬೆರಳಿನಲ್ಲಿತ್ತು. ಮೋಟಾರು ಕಾರು ಮಾಡುವವರಿಗೆ ಹಾಗೆ ಆಗದು. ಯಾವ ಪಿಸ್ಟನ್ನಾದರೂ ಯಾವ ಎಂಜಿನ್ನಿಗಾದರೂ ಉಜ್ಜದೆ ಕೂರಬೇಕು. ಹಾಗಾಗಿ ಫೋರ್ಡಿನವರು ಸುಮಾರು ಒಂದು ವರ್ಷ ಕೂತು ನಕ್ಷೆಗಳನ್ನೆಲ್ಲ ಹೊಸದಾಗಿ ಬರೆದರು. 1941ರಲ್ಲಿ ಅಲ್ಲಿಂದ ಎಂಜಿನ್ ಬರತೊಡಗಿತು. ಒಟ್ಟು 30,000ಕ್ಕೂ ಹೆಚ್ಚು ಬಂದವು. ಅವನ್ನು ಮಾಡಿದವರಲ್ಲಿ ಬಹಳ ಮಂದಿ ಮುಂಚೆ ಎಂಜಿನ್ ಮುಟ್ಟಿದವರೇ ಅಲ್ಲ. ದೊಡ್ಡ ಪಾಲು ಮಹಿಳೆಯರು.

ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1940ರಲ್ಲಿ ಬ್ರಿಟನ್ನಿಗಾಗಿ ಈ ಕೆಲಸ ಮಾಡಲೊಪ್ಪಲಿಲ್ಲ. ಡೆಟ್ರಾಯಿಟಿನ ಪ್ಯಾಕರ್ಡ್ ಸಂಸ್ಥೆ ಒಪ್ಪಿತು. ಅಲ್ಲಿ ಇನ್ನೊಂದು ತೊಡಕು. ವಸ್ತುವಿನ ಮೇಲ್ನೋಟವನ್ನು ಮುನ್ನೋಟದ ಕೆಳಗೆ ಬರೆಯುವುದು ಬ್ರಿಟಿಷ್ ಪದ್ಧತಿ. ಅಮೆರಿಕದವರು ಅದನ್ನು ಮೇಲೆ ಬರೆಯುತ್ತಾರೆ. ಒಂದು ಪದ್ಧತಿಯ ನಕ್ಷೆಯನ್ನು ಇನ್ನೊಂದರ ಕಣ್ಣಿನಿಂದ ಓದಿದರೆ ಎಡದ ತೂತು ಬಲಕ್ಕೆ ಬಂದೀತು. ಆದ್ದರಿಂದ ಪ್ಯಾಕರ್ಡಿನವರು ತಮ್ಮ ಕೆಲಸಗಾರರು ಓದಬಲ್ಲ ರೀತಿಯಲ್ಲಿ ನಕ್ಷೆಗಳನ್ನು ಪುನಃ ಬರೆದರು. ಆದರೆ ನಟ್ಟು-ಬೋಲ್ಟುಗಳ ಥ್ರೆಡ್ಡನ್ನು ಮಾತ್ರ ಬದಲಿಸಲಿಲ್ಲ. ಬ್ರಿಟಿಷ್ ವಿಟ್‌ವರ್ತ್ ಥ್ರೆಡ್ಡಿನ ಕೋನ 55 ಡಿಗ್ರಿ, ಅಮೆರಿಕದ್ದು 60. ತಮ್ಮದನ್ನೇ ಬಳಸುವುದು ಸುಲಭವಿತ್ತು. ಹಾಗೆ ಮಾಡಿದ್ದರೆ ಡೆಟ್ರಾಯಿಟಿನ ಬೋಲ್ಟು ಡರ್ಬಿಯ ಎಂಜಿನ್ನಿಗೆ ಹಿಡಿಯುತ್ತಿರಲಿಲ್ಲ. ಬ್ರಿಟಿಷ್ ಥ್ರೆಡ್ ಕೊರೆಯುವ ಉಪಕರಣಗಳನ್ನು ಅವರು ತಾವೇ ಮಾಡಿಕೊಂಡರು. ಮೊದಲ ಎಂಜಿನ್ 1941ರ ಆಗಸ್ಟಿನಲ್ಲಿ ಓಡಿತು. ಒಟ್ಟು 55,000ಕ್ಕೂ ಹೆಚ್ಚು ತಯಾರಾದವು. ಎತ್ತರದಲ್ಲಿ ಬಸವಳಿಯುತ್ತಿದ್ದ ಅಮೆರಿಕದ ಮಸ್ಟಾಂಗ್ ವಿಮಾನ ಇದೇ ಎಂಜಿನ್ ಪಡೆದು 1944ರಲ್ಲಿ ಬರ್ಲಿನ್ ತನಕ ಬಾಂಬರುಗಳಿಗೆ ಬೆಂಗಾವಲಾಗಿ ಹೋಯಿತು.

ಓದುವವನಿಗಾಗಿ ಬದಲಿಸಬೇಕಾದದ್ದು ಯಾವುದು, ವಸ್ತುವಿಗಾಗಿ ಉಳಿಸಬೇಕಾದದ್ದು ಯಾವುದು ಎಂಬ ವಿವೇಕ ಇದು. ಇದು ನಮಗೆ ಹೊಸತಲ್ಲ. ಗಡಿನಾಡಿನ ನಮ್ಮ ಮನೆಗಳಲ್ಲಿ ಜಾಗದ ಆಧಾರವನ್ನೋ ಅರ್ಜಿಯನ್ನೋ ಕನ್ನಡದಿಂದ ಮಲೆಯಾಳಕ್ಕೆ, ಮಲೆಯಾಳದಿಂದ ಕನ್ನಡಕ್ಕೆ ದಾಟಿಸುವಾಗ ವಾಕ್ಯವನ್ನು ಓದುವವರ ನಾಲಗೆಗೆ ಒಗ್ಗಿಸುತ್ತೇವೆ. ಸರ್ವೆ ನಂಬ್ರ, ಹಿರಿಯರ ಹೆಸರು, ಮನೆತನದ ಹೆಸರು ಮಾತ್ರ ಅಕ್ಷರ ತಪ್ಪದೆ ಹಾಗೆಯೇ ಇರಬೇಕು.

ದಾಟಿಸಲಾಗದೆ ಹೋದ ಕಥೆಯೂ ಉಂಟು. ಜರ್ಮನಿಯ ಡೈಮ್ಲರ್-ಬೆಂಝ್ ಎಂಜಿನ್ನಿನ ಪರವಾನಗಿಯನ್ನು ಜಪಾನು ಪಡೆಯಿತು. ಅದನ್ನೂ ಭೂಸೇನೆ ಒಂದು, ನೌಕಾಸೇನೆ ಇನ್ನೊಂದು ಎಂದು ಬೇರೆಬೇರೆಯಾಗಿ! ಕವಾಸಾಕಿ ಸಂಸ್ಥೆ ಅದರಿಂದ ಹಿಯೆನ್ ಎಂಬ ಚೆಲುವಾದ ಯುದ್ಧವಿಮಾನವನ್ನು ಮಾಡಿತು. ನಕ್ಷೆಯಿತ್ತು, ಆದರೆ ನಕ್ಷೆ ಬಯಸುವ ಲೋಹ, ಯಂತ್ರ, ಪಳಗಿದ ಕೈ ಸಾಲದಾಯಿತು. ಕ್ರ್ಯಾಂಕ್‌ಶಾಫ್ಟು, ಬೇರಿಂಗುಗಳು ಪದೇಪದೇ ಕೆಟ್ಟವು. ನ್ಯೂಗಿನಿಯ ಸೆಕೆಯಲ್ಲಿ ತೊಂದರೆ ಇನ್ನಷ್ಟು ಹೆಚ್ಚಿತು. 1945ರ ಹೊತ್ತಿಗೆ ಎಂಜಿನ್ನಿಲ್ಲದ ವಿಮಾನದೊಡಲುಗಳು ಸಾಲಾಗಿ ನಿಂತಿದ್ದವು. ಅವಕ್ಕೆ ಗಾಳಿಯಿಂದ ತಣಿಯುವ ಮಿತ್ಸುಬಿಷಿ ಎಂಜಿನನ್ನು ಜೋಡಿಸಿದಾಗ, ಆ ವಿಮಾನವೇ ಹೆಚ್ಚು ನಂಬಿಕೆಗೆ ಅರ್ಹವಾಯಿತು. ದ್ರವದ ತಣಿಸುವಿಕೆ ಎಲ್ಲಕ್ಕಿಂತ ಮೇಲು ಎಂದಲ್ಲ; ತನ್ನ ಕೈಗೆ ಒಗ್ಗಿದ್ದು ಯಾವುದೆಂದು ತಿಳಿಯುವುದೂ ಒಂದು ಜ್ಞಾನ.

ಮೆರ್ಲಿನ್ ಒಟ್ಟು ಸುಮಾರು ಒಂದೂವರೆ ಲಕ್ಷ ತಯಾರಾಯಿತು. 1944ರಲ್ಲಿ ಇಂಫಾಲದಲ್ಲಿ ಅರ್ಜನ್ ಸಿಂಗರ ನಾಯಕತ್ವದ ಭಾರತೀಯ ಸ್ಕ್ವಾಡ್ರನ್ ಹಾರಿಸಿದ ಹರಿಕೇನುಗಳಲ್ಲಿದ್ದುದೂ ಅದೇ. 1943ರಲ್ಲಿ ಹ್ಯಾಂಬರ್ಗನ್ನೂ 1945ರಲ್ಲಿ ಡ್ರೆಸ್ಡೆನ್ನನ್ನೂ ಸುಟ್ಟ ಲ್ಯಾಂಕಾಸ್ಟರ್ ಬಾಂಬರುಗಳಲ್ಲಿ ಅಂಥ ನಾಲ್ಕು ನಾಲ್ಕು ಎಂಜಿನ್ನುಗಳು ಗರ್ಜಿಸುತ್ತಿದ್ದವು. ಒಂದು ನಗರವನ್ನು ಕಾಯ್ದ ಯಂತ್ರವೇ ಇನ್ನೊಂದನ್ನು ಬೂದಿಮಾಡಿತು. ಎಂಜಿನ್ನನ್ನು ಹೊಗಳುವಾಗ ಇದನ್ನು ಮರೆಯಬಾರದು.

ಯುದ್ಧ ಮುಗಿಯುತ್ತಿದ್ದಂತೆ ಜೆಟ್ ಎಂಜಿನ್ನುಗಳು ಬಂದವು. ಹುಕರ್ ಕೂಡ 1943ರಲ್ಲೇ ಆ ಕಡೆಗೆ ಹೊರಳಿದ್ದರು. ಮೆರ್ಲಿನ್ನಿನ ಕಾಲ ಮುಗಿಯಿತು. ಆದರೆ ಅದು ಬಿಟ್ಟುಹೋದ ಪಾಠ ಮುಗಿದಿಲ್ಲ. ಮನೆಯ ಹಿರಿಯರ ಬೆರಳಿನಲ್ಲಿ ಮಾತ್ರ ಇರುವ ಅರಿವು ಅವರೊಂದಿಗೇ ಹೋಗುತ್ತದೆ. ಅದು ಎಳೆಯರ ಕೈಗೆ ದಾಟಬೇಕಾದರೆ ಯಾರಾದರೂ ಕೂತು, ಬರೆಯದೆ ಬಿಟ್ಟದ್ದನ್ನು ಕೇಳಿ ತಿಳಿದು, ಓದುವವರ ಭಾಷೆಯಲ್ಲಿ ಮತ್ತೊಮ್ಮೆ ಬರೆಯಬೇಕು. ಮ್ಯಾಂಚೆಸ್ಟರಿನಲ್ಲಿ ಅದಕ್ಕೆ ಒಂದು ವರ್ಷ ಹಿಡಿಯಿತು. ಯುದ್ಧದ ತುರ್ತಿನ ನಡುವೆಯೂ ಆ ವರ್ಷವನ್ನು ಯಾರೂ ದಂಡವೆಂದು ಎಣಿಸಲಿಲ್ಲ.