ಹ್ಯಾನಿಬಲ್‌ನ ದಂಡು: ಹಲವು ಜನ, ಹಲವು ಲೆಕ್ಕ

ಇಟಲಿಯ ದಕ್ಷಿಣದ ತುದಿಯಲ್ಲಿ, ಕ್ರೋಟನ್ ಪಟ್ಟಣದ ಬಳಿ ಹೇರಾ ದೇವಿಯ ಗುಡಿಯೊಂದಿತ್ತು. ಉತ್ತರ ಆಫ್ರಿಕದ ಕಾರ್ತೇಜ್‌ನ ಸೇನಾಪತಿ ಹ್ಯಾನಿಬಲ್ ಅಲ್ಲಿ ಪ್ಯೂನಿಕ್ ಮತ್ತು ಗ್ರೀಕ್ ಭಾಷೆಗಳಲ್ಲಿ ಒಂದು ಶಾಸನ ಹಾಕಿಸಿದ್ದ. ಶಾಸನ ಇಂದು ಉಳಿದಿಲ್ಲ. ಆದರೆ ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಅಲ್ಲಿನ ಕಂಚಿನ ಫಲಕವನ್ನು ಕಣ್ಣಾರೆ ಕಂಡು, ಅದರಲ್ಲಿದ್ದ ಅಂಕಿಗಳನ್ನು ತನ್ನ ಗ್ರಂಥಕ್ಕೆ ಎತ್ತಿಕೊಂಡಿದ್ದಾನೆ. ಆಲ್ಪ್ಸ್ ದಾಟಿ ಇಟಲಿಗೆ ಇಳಿದಾಗ ಉಳಿದಿದ್ದವರು ಆಫ್ರಿಕದ 12,000 ಕಾಲಾಳುಗಳು, ಐಬೀರಿಯದ 8,000 ಕಾಲಾಳುಗಳು, ಮತ್ತು 6,000 ಮೀರದ ರಾವುತರು. ಸೇನಾಪತಿ ತನ್ನ ಸೈನ್ಯವನ್ನು ಒಟ್ಟು ಮೊತ್ತವಾಗಿ ಹೇಳಿಕೊಳ್ಳದೆ, ಯಾರು ಎಲ್ಲಿಯವರೆಂದು ವಿಂಗಡಿಸಿ ಬರೆಸಿದ್ದಾನೆ.

ಕ್ರಿ.ಪೂ. 218ರಿಂದ 203ರವರೆಗೆ ಈ ದಂಡು ಇಟಲಿಯ ನೆಲದಲ್ಲಿ ರೋಮನ್ನರ ವಿರುದ್ಧ ನಿಂತಿತ್ತು. ಲಿಬಿಯನ್ನರು, ಐಬೀರಿಯನ್ನರು, ಲಿಗೂರಿಯನ್ನರು, ಕೆಲ್ಟರು, ಫಿನೀಷಿಯನ್ನರು, ಇಟಲಿಯವರು, ಗ್ರೀಕರು ಇದರಲ್ಲಿದ್ದರು. ಒಂದೇ ಕಾನೂನು, ಒಂದೇ ನಡಾವಳಿ, ಒಂದೇ ಭಾಷೆ ಇಲ್ಲದ ಇವರು ನಾಯಕನ ವಿರುದ್ಧವಾಗಲೀ ತಮ್ಮತಮ್ಮೊಳಗಾಗಲೀ ದಂಗೆ ಏಳಲಿಲ್ಲ ಎಂದು ಪಾಲಿಬಿಯಸ್ ಬೆರಗಾಗುತ್ತಾನೆ. ಆ ಬೆರಗನ್ನು ಹಾಗೆಯೇ ಒಪ್ಪಿಕೊಂಡು, ಭೇದಗಳನ್ನೆಲ್ಲ ಕರಗಿಸಿದ ಮಹಾನಾಯಕನೆಂದು ಹ್ಯಾನಿಬಲ್‌ನನ್ನು ಹೊಗಳುವುದು ರೂಢಿಯಾಗಿದೆ. ಆಕರಗಳು ಹೇಳುವುದು ಬೇರೆ. ಅವನು ಯಾರನ್ನೂ ಒಂದೇ ಎರಕಕ್ಕೆ ಹೊಯ್ಯಲಿಲ್ಲ. ಬೇರೆ ಬೇರೆಯಾಗಿಯೇ ಇಟ್ಟ, ಬೇರೆ ಬೇರೆ ಆಸೆ ತೋರಿಸಿದ, ಅವರ ಪ್ರಾಣವನ್ನೂ ಬೇರೆ ಬೇರೆ ದರದಲ್ಲಿ ಖರ್ಚು ಮಾಡಿದ.

ಇದರ ಹಿನ್ನೆಲೆ ಅವನ ಬಾಲ್ಯದಲ್ಲಿದೆ. ರೋಮ್ ವಿರುದ್ಧದ ಮೊದಲ ಪ್ಯೂನಿಕ್ ಯುದ್ಧ ಕ್ರಿ.ಪೂ. 241ರಲ್ಲಿ ಸೋಲಿನಲ್ಲಿ ಮುಗಿದಾಗ ಕಾರ್ತೇಜ್‌ನ ಬೊಕ್ಕಸ ಬರಿದಾಗಿತ್ತು. ಸಿಸಿಲಿಯಿಂದ ಮರಳಿದ ಕೂಲಿ ಸೈನಿಕರ ಬಾಕಿ ಸಂಬಳದಲ್ಲಿ ಸರ್ಕಾರ ಚೌಕಾಸಿಗೆ ಇಳಿಯಿತು. ಬೇರೆ ಬೇರೆ ದೇಶದವರನ್ನು ಸೇರಿಸಿಕೊಂಡರೆ ಅವರು ಬೇಗ ಒಗ್ಗೂಡಲಾರರು ಎಂಬುದು ಕಾರ್ತೇಜ್‌ನ ಹಳೆಯ ಉಪಾಯ. ಆದರೆ ಸಿಟ್ಟೆದ್ದಾಗ ಅದೇ ಉಪಾಯ ತಿರುಗುಬಾಣವಾಯಿತು, ಏಕೆಂದರೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಸಮಾಧಾನ ಹೇಳಬಲ್ಲ ಭಾಷೆಯೇ ಇರಲಿಲ್ಲ. ಟ್ಯೂನಿಸ್ ಪಾಳೆಯದ ಸಭೆಗಳಲ್ಲಿ ಮಾತಾಡಲು ಎದ್ದವನು ಏನು ಹೇಳುತ್ತಾನೆಂದು ತಿಳಿಯುವ ಮೊದಲೇ ಕಲ್ಲು ಬೀಳುತ್ತಿದ್ದವು. ಎಲ್ಲರಿಗೂ ಅರ್ಥವಾಗುತ್ತಿದ್ದ ಪದ ‘ಹೊಡಿ’ ಎಂಬುದೊಂದೇ ಎಂದು ಪಾಲಿಬಿಯಸ್ ಬರೆಯುತ್ತಾನೆ. ಊಟ ಮುಗಿಸಿ ಕುಡಿದು ಬಂದಾಗಲಂತೂ ಇದು ಇನ್ನೂ ಹೆಚ್ಚು. ಮೂರು ವರ್ಷಕ್ಕೂ ಮಿಕ್ಕಿ ನಡೆದ ಆ ಕ್ರೂರ ದಂಗೆಯನ್ನು ಕೊನೆಗೆ ಅಡಗಿಸಿದವನು ಹ್ಯಾನಿಬಲ್‌ನ ತಂದೆ ಹಮಿಲ್ಕಾರ್. ಮಗನಿಗೆ ಆಗ ಹತ್ತು ವರ್ಷವೂ ತುಂಬಿರಲಿಲ್ಲ. ಸಂಬಳ ನಿಂತರೆ ದಂಡು ಏನಾಗುತ್ತದೆಂಬುದು ಆ ಮನೆಯಲ್ಲಿ ಗೊತ್ತಿಲ್ಲದ ಸಂಗತಿಯಾಗಿರಲಾರದು.

ಹಮಿಲ್ಕಾರ್ ಆಮೇಲೆ ಸ್ಪೇನಿಗೆ ಹೊರಟದ್ದರ ಹಿಂದೆ ಬೆಳ್ಳಿಯ ಲೆಕ್ಕವಿತ್ತು. ಬೆಬೆಲೋ ಎಂಬ ಒಂದೇ ಗಣಿ ಹ್ಯಾನಿಬಲ್‌ಗೆ ದಿನಕ್ಕೆ 300 ಪೌಂಡ್ ಬೆಳ್ಳಿ ಕೊಡುತ್ತಿತ್ತೆಂದು ರೋಮನ್ ಲೇಖಕ ಪ್ಲಿನಿ ದಾಖಲಿಸುತ್ತಾನೆ. ಬೆಳ್ಳಿಯ ಜೊತೆಗೆ ನಂಟಸ್ತಿಕೆ, ಒತ್ತೆಯಾಳು ಎರಡೂ ಇದ್ದವು. ಹ್ಯಾನಿಬಲ್ ಕಾಸ್ಟುಲೋ ಊರಿನ ಐಬೀರಿಯನ್ ಹೆಣ್ಣನ್ನು ಮದುವೆಯಾಗಿದ್ದ. ಕ್ರಿ.ಪೂ. 209ರಲ್ಲಿ ರೋಮನ್ ಸೇನಾಪತಿ ಸ್ಕಿಪಿಯೋ ಸ್ಪೇನಿನ ನವ ಕಾರ್ತೇಜನ್ನು ಹಿಡಿದಾಗ ಅಲ್ಲಿ ಮುನ್ನೂರಕ್ಕೂ ಹೆಚ್ಚು ಐಬೀರಿಯನ್ ಒತ್ತೆಯಾಳುಗಳು ಸಿಕ್ಕರು. ಸೈನಿಕರ ನಿಷ್ಠೆಯನ್ನು ಕೊಂಡಾಡುವಾಗ ಈ ಮುನ್ನೂರು ಮಂದಿಯನ್ನು ಮರೆಯಬಾರದು.

ಇಟಲಿಗೆ ಹೊರಡುವ ಮುನ್ನ ಹ್ಯಾನಿಬಲ್ ಮಾಡಿದ ಏರ್ಪಾಡೂ ಅದೇ ಕಂಚಿನ ಫಲಕದಲ್ಲಿತ್ತು. ಐಬೀರಿಯದ ಪಡೆಗಳನ್ನು ಆಫ್ರಿಕದ ಕಾವಲಿಗೆ ಕಳಿಸಿದ. ಆಫ್ರಿಕದ ಪಡೆಗಳನ್ನು ಸ್ಪೇನಿನಲ್ಲಿ ತಮ್ಮ ಹಸ್ದ್ರೂಬಲ್‌ನ ಕೈಗೆ ಕೊಟ್ಟ. ಅದರಲ್ಲಿ ಲಿಬಿಯದ ಕಾಲಾಳುಗಳೇ 11,850. ತವರಿನಿಂದ ದೂರವಿದ್ದವನು ತವರಿನವರ ಜೊತೆ ಸೇರಿ ತಿರುಗಿಬೀಳಲಾರ. ಇತ್ತ ತನ್ನೊಡನೆ ಬರಬೇಕಾದ ಐಬೀರಿಯನ್ನರಿಗೆ ಚಳಿಗಾಲಕ್ಕೆ ಮನೆಗೆ ಹೋಗಿಬರಲು ರಜೆ ಕೊಟ್ಟ. ಬಿಗಿ ಎಲ್ಲಿ, ಸಡಿಲ ಎಲ್ಲಿ ಎಂಬ ಅಂದಾಜು ಅವನಿಗಿತ್ತು.

ಪಿರನೀಸ್ ಪರ್ವತದ ಹಾದಿಯಲ್ಲಿ ಆ ಅಂದಾಜಿಗೆ ಪರೀಕ್ಷೆ ಬಂತು. ಕಾರ್ಪೆಟಾನಿ ಬುಡಕಟ್ಟಿನ 3,000 ಮಂದಿ ಮುಂದೆ ಬರಲೊಲ್ಲದೆ ಮನೆಯ ದಾರಿ ಹಿಡಿದರು. ಬೆನ್ನಟ್ಟಿ ಹಿಡಿದು ಶಿಕ್ಷಿಸಿದ್ದರೆ ಉಳಿದವರಲ್ಲಿ ಬೆಂಕಿ ಹತ್ತುತ್ತಿತ್ತು. ಹ್ಯಾನಿಬಲ್ ಮನಸ್ಸಿಲ್ಲದೆ ಬರುತ್ತಿದ್ದ ಇನ್ನೂ 7,000ಕ್ಕೂ ಹೆಚ್ಚು ಜನರನ್ನು ತಾನಾಗಿಯೇ ಮನೆಗೆ ಕಳಿಸಿ, ಕಾರ್ಪೆಟಾನಿಗಳನ್ನೂ ತಾನೇ ಬಿಟ್ಟುಕೊಟ್ಟೆನೆಂಬ ತೋರಿಕೆ ಹುಟ್ಟಿಸಿದ ಎನ್ನುತ್ತಾನೆ ರೋಮನ್ ಇತಿಹಾಸಕಾರ ಲಿವಿ. ಹೊರಟಾಗ 90,000 ಕಾಲಾಳು, 12,000 ರಾವುತರಿದ್ದರೆಂದು ಹೇಳುವ ಪಾಲಿಬಿಯಸ್‌ನ ಅಂಕಿ ಉತ್ಪ್ರೇಕ್ಷೆಯಂತೆ ತೋರುತ್ತದೆ. ದಾರಿಯುದ್ದಕ್ಕೂ ದಂಡು ಕರಗಿತೆಂಬುದಂತೂ ನಿಜ. ಆನೆಗಳ ಕಥೆ ಎಲ್ಲರಿಗೂ ಗೊತ್ತಿರುವುದೇ: ರೋನ್ ನದಿಯ ದಡದಲ್ಲಿ 37 ಇದ್ದವು, ಕ್ರಿ.ಪೂ. 217ರ ವಸಂತಕ್ಕೆ ಒಂದು ಉಳಿದಿತ್ತು.

ಆ ಕೊರತೆಯನ್ನು ತುಂಬಿದವರು ಉತ್ತರ ಇಟಲಿಯ ಕೆಲ್ಟರು. ರೋಮನ್ನರ ಮೇಲಿನ ಹಗೆ ಮತ್ತು ಕೊಳ್ಳೆಯ ಆಸೆ ಅವರನ್ನು ಕರೆತಂದಿತು. ಹ್ಯಾನಿಬಲ್‌ಗೆ ಅವರ ಮೇಲೆ ಪೂರ್ತಿ ನಂಬಿಕೆ ಇರಲಿಲ್ಲ. ಅವರಲ್ಲೇ ಯಾರಾದರೂ ತನ್ನನ್ನು ಕೊಂದಾರೆಂದು ಬೇರೆ ಬೇರೆ ವಯಸ್ಸಿಗೆ ಒಪ್ಪುವ ಟೋಪನ್‌ಗಳನ್ನು ಹಾಕಿಕೊಂಡು, ಉಡುಪು ಬದಲಿಸಿ ಓಡಾಡುತ್ತಿದ್ದನಂತೆ. ಆರ್ನೋ ನದಿಯ ಜೌಗಿನಲ್ಲಿ ದಂಡು ನಡೆದ ಕ್ರಮವನ್ನು ನೋಡಿ: ಮುಂದೆ ನೆಲ ಇನ್ನೂ ಗಟ್ಟಿಯಾಗಿದ್ದಾಗಲೇ ಆಫ್ರಿಕ, ಐಬೀರಿಯದವರು ದಾಟಿದರು. ಅವರು ತುಳಿದು ಕೆಸರೆಬ್ಬಿಸಿದ ದಾರಿಯಲ್ಲಿ ಕೆಲ್ಟರು. ಹಿಂದೆ ರಾವುತರೊಡನೆ ತಮ್ಮ ಮಾಗೋ, ಕೆಲ್ಟರು ಹಿಂತಿರುಗದಂತೆ ತಡೆಯಲು.

ಕ್ರಿ.ಪೂ. 216ರ ಕಾನೇ ಯುದ್ಧದಲ್ಲಿ ಇದೇ ತಾರತಮ್ಯ ವ್ಯೂಹವಾಯಿತು. ನಡುವೆ, ಅರ್ಧಚಂದ್ರಾಕಾರವಾಗಿ ಶತ್ರುವಿನ ಕಡೆಗೆ ಉಬ್ಬಿದ ಸಾಲಿನಲ್ಲಿ ಕೆಲ್ಟರು ಮತ್ತು ಐಬೀರಿಯನ್ನರ ತುಕಡಿಗಳನ್ನು ಒಂದರ ಮಗ್ಗುಲಿಗೊಂದು ನಿಲ್ಲಿಸಲಾಗಿತ್ತು. ಕೆಲ್ಟರದು ಬರಿಮೈ, ಬೀಸಿ ಕಡಿಯಲು ಮಾತ್ರ ಒದಗುವ ಉದ್ದ ಕತ್ತಿ. ಐಬೀರಿಯನ್ನರದು ನೇರಳೆ ಅಂಚಿನ ನಾರುಬಟ್ಟೆಯ ಗಿಡ್ಡ ಅಂಗಿ, ತಿವಿಯಲೂ ಕಡಿಯಲೂ ಬರುವ ಕತ್ತಿ. ಎರಡು ಬದಿಗೆ ಲಿಬಿಯನ್ನರು, ಹಿಂದಿನ ಯುದ್ಧಗಳಲ್ಲಿ ರೋಮನ್ನರಿಂದ ಕಸಿದ ಆಯುಧ ಕವಚಗಳನ್ನು ತೊಟ್ಟವರು. ರೋಮನ್ನರು ನಡುವಿನ ಸಾಲನ್ನು ಒತ್ತಿ ಒಳನುಗ್ಗಿದಷ್ಟೂ ಎರಡೂ ಬದಿಯ ಲಿಬಿಯನ್ನರ ನಡುವೆ ಸಿಕ್ಕಿಕೊಂಡರು. ಬಲಗಡೆ ಉತ್ತರ ಆಫ್ರಿಕದ ನುಮಿಡಿಯದ ಹಗುರ ರಾವುತರು ಇಟಲಿಯ ಮಿತ್ರ ಅಶ್ವದಳವನ್ನು ತಡೆದಿಟ್ಟರು. ಎಡಗಡೆಯಿಂದ ಗೆದ್ದು ಬಂದ ಐಬೀರಿಯನ್, ಕೆಲ್ಟ್ ರಾವುತರು ಹಿಂದಿನಿಂದ ಬಿದ್ದರು. ಪ್ರತಿ ಜನಾಂಗಕ್ಕೂ ಅದು ಬಲ್ಲ ಕಾದಾಟದ ರೀತಿಯನ್ನೇ ಬಿಟ್ಟು, ಆ ಭಿನ್ನತೆಯನ್ನೇ ಬಲೆಯಾಗಿ ಹೆಣೆದದ್ದು ನಿಸ್ಸಂದೇಹವಾಗಿ ಪ್ರತಿಭೆ. ಸತ್ತವರ ಪಟ್ಟಿಯನ್ನೂ ಓದಬೇಕು: ಕೆಲ್ಟರು ಸುಮಾರು 4,000, ಐಬೀರಿಯನ್ನರು ಮತ್ತು ಲಿಬಿಯನ್ನರು ಸೇರಿ ಸುಮಾರು 1,500, ರಾವುತರು ಸುಮಾರು 200. ಬಾಗಬೇಕಾದ ಸಾಲಿನಲ್ಲಿ ಯಾರಿರಬೇಕೆಂಬುದು ಆಕಸ್ಮಿಕವಲ್ಲ. ಅದಕ್ಕೂ ಹಿಂದಿನ ಟ್ರೆಬಿಯಾ, ಟ್ರಾಸಿಮೀನ್ ಯುದ್ಧಗಳಲ್ಲೂ ಹೆಚ್ಚಾಗಿ ಸತ್ತವರು ಕೆಲ್ಟರೇ.

ರೋಮ್ ಕಡೆಯೂ ಒಂದೇ ಜನರ ಸೈನ್ಯವಾಗಿರಲಿಲ್ಲ. ಅದರ ಅರ್ಧದಷ್ಟು ಬಲ ಇಟಲಿಯ ಮಿತ್ರರದು. ಹ್ಯಾನಿಬಲ್ ಆ ಹೊಲಿಗೆಯನ್ನು ಬಿಚ್ಚಲು ನೋಡಿದ. ಸೆರೆಸಿಕ್ಕ ಮಿತ್ರರನ್ನು ಒತ್ತೆಹಣವಿಲ್ಲದೆ ಬಿಟ್ಟುಕಳಿಸಿದ. ಕಾಪುವಾ ಮೊದಲಾದ ಊರುಗಳು ಒಲಿದವು, ಲ್ಯಾಟಿನ್ ವಸಾಹತುಗಳು ಅಲುಗಲಿಲ್ಲ. ಇತ್ತ ಅವನ ದಂಡಿನಲ್ಲೂ ಬಿರುಕಿತ್ತು. ಕ್ರಿ.ಪೂ. 215ರಲ್ಲಿ ನೋಲಾ ಬಳಿ 272 ನುಮಿಡಿಯನ್, ಸ್ಪ್ಯಾನಿಷ್ ರಾವುತರು ರೋಮನ್ನರನ್ನು ಸೇರಿಕೊಂಡರೆಂದು ಲಿವಿ ಹೇಳುತ್ತಾನೆ. ಪಕ್ಷಾಂತರವೇನೋ ಆಯಿತು, ದಂಗೆ ಆಗಲಿಲ್ಲ. ಪಾಲಿಬಿಯಸ್‌ನ ಹೊಗಳಿಕೆಯನ್ನು ಈ ಮಿತಿಯಲ್ಲೇ ಓದಬೇಕು.

ನಾಯಕ ಹ್ಯಾನಿಬಲ್ ಅಲ್ಲದ ಕಡೆ ಏನಾಗುತ್ತಿತ್ತೆಂಬುದಕ್ಕೆ ಸಿಸಿಲಿಯ ಮುಟ್ಟಿನೆಸ್ ಸಾಕ್ಷಿ. ಹಿಪ್ಪೋ ಊರಿನ ಈ ಲಿಬಿ-ಫಿನೀಷಿಯನ್ ಸರದಾರನನ್ನು ಅಲ್ಲಿಗೆ ಕಳಿಸಿದವನು ಹ್ಯಾನಿಬಲ್. ನುಮಿಡಿಯದ ರಾವುತರು ಇವನ ಮಾತಿಗೆ ಪ್ರಾಣ ಕೊಡುತ್ತಿದ್ದರು. ಅರೆತಳಿಯವನು ತನ್ನ ಮಾತು ಮೀರಿ ಹೆಸರು ಮಾಡುವುದನ್ನು ಕಾರ್ತೇಜ್‌ನ ಸೇನಾಪತಿ ಹನ್ನೋ ಸಹಿಸದೆ, ಅಧಿಕಾರ ಕಿತ್ತು ತನ್ನ ಮಗನಿಗೆ ಕೊಟ್ಟ. ಕ್ರಿ.ಪೂ. 210ರಲ್ಲಿ ಮುಟ್ಟಿನೆಸ್ ಅಗ್ರಿಗೆಂಟಮ್‌ನ ಬಾಗಿಲನ್ನು ರೋಮನ್ನರಿಗೆ ತೆರೆದ. ರೋಮ್ ಅವನಿಗೆ ಪೌರತ್ವ ಕೊಟ್ಟಿತು.

ಇಟಲಿಯಿಂದ ಆಫ್ರಿಕಕ್ಕೆ ಮರಳಿದ ಹ್ಯಾನಿಬಲ್ ಕ್ರಿ.ಪೂ. 202ರ ಜಾಮಾ ಯುದ್ಧದಲ್ಲಿ ಮೂರು ಸಾಲು ಕಟ್ಟಿದ. ಮೊದಲಲ್ಲಿ ಲಿಗೂರಿಯನ್ನರು, ಕೆಲ್ಟರು, ಬಲಿಯಾರಿಕ್ ದ್ವೀಪದವರು, ವಾಯವ್ಯ ಆಫ್ರಿಕದ ಮೂರರು ಸೇರಿ ಸುಮಾರು 12,000 ಕೂಲಿ ಸೈನಿಕರು. ಎರಡರಲ್ಲಿ ಲಿಬಿಯನ್ನರು ಮತ್ತು ಕಾರ್ತೇಜ್‌ನ ನಾಗರಿಕರು. ದೂರ ಹಿಂದೆ ಇಟಲಿಯಿಂದ ತಂದ ಹಳೆಯ ಪಡೆ. ಕೆಲ್ಟರಿಗೆ ರೋಮಿನ ಮೇಲಿನ ಹಗೆ, ಲಿಗೂರಿಯನ್ನರಿಗೆ ಇಟಲಿಯ ಬಯಲು, ಮೂರರಿಗೆ ನುಮಿಡಿಯದ ದೊರೆ ಮಸಿನಿಸ್ಸನ ಭಯ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಮಾತು, ಕೆಲವೆಡೆ ದುಭಾಷಿಗಳ ಮೂಲಕ. ಹಳೆಯ ಪಡೆಗೆ ಮಾತ್ರ ಅವನೇ ಮಾತಾಡಿದ. ಎರಡನೆಯ ಸಾಲು ನೆರವಿಗೆ ಬಾರದಿದ್ದಾಗ, ತಮ್ಮನ್ನು ಕೈಬಿಟ್ಟರೆಂದು ತಿಳಿದ ಕೂಲಿ ಸೈನಿಕರು ಹಿಂತಿರುಗಿ ಅದರ ಮೇಲೆಯೇ ಬಿದ್ದರು. ಓಡಿಬಂದವರು ತಮ್ಮೊಳಗೆ ನುಗ್ಗದಂತೆ ಹಳೆಯ ಪಡೆ ಈಟಿಗಳನ್ನು ಮುಂದಕ್ಕೆ ಚಾಚಿ ನಿಂತಿತು. ಆ ಪಡೆ ಸ್ಕಿಪಿಯೋನ ಎದುರು ಸರಿಸಮನಾಗಿ ಕಾದುತ್ತಿರುವಾಗ ರೋಮನ್ನರ ಸರದಾರ ಲೇಲಿಯಸ್ ಮತ್ತು ಮಸಿನಿಸ್ಸನ ರಾವುತರು ಹಿಂದಿನಿಂದ ಮುಗಿಬಿದ್ದರು. ಮಸಿನಿಸ್ಸ ರೋಮನ್ನರಿಗೆ ತಂದುಕೊಟ್ಟಿದ್ದ ನುಮಿಡಿಯದ ರಾವುತರು 4,000.