ಜತ್ತದ ರೊಟ್ಟಿಯೂ ಬ್ಯಾಂಟಿಂಗರ ಪಥ್ಯವೂ

ಸಾಂಗಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ವಿಜಯಪುರ ಜಿಲ್ಲೆಗೆ ಹತ್ತಿಕೊಂಡಿರುವ ಜತ್ತ ತಾಲೂಕು ಜೋಳದ ಸೀಮೆ. ಮಳೆ ಕಡಿಮೆ, ಆದಷ್ಟು ಮಳೆಗೆ ಬಂದ ಬಿಳಿಜೋಳವೇ ಜನರ ಬಾಳು. ಉಮದಿ, ಸಂಖ, ಗುಡ್ಡಾಪುರಗಳ ಕನ್ನಡ ಮನೆಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳದೆ ಬೆಳಗಾಗದು. ಇಂಥಲ್ಲಿ ಈಚೆಗೆ, ಪಟ್ಟಣದ ವೈದ್ಯರನ್ನು ಕಂಡುಬಂದವರ ಬಾಯಲ್ಲಿ ಹೊಸ ಮಾತೊಂದನ್ನು ಕೇಳುತ್ತಿದ್ದೇವೆ: “ರೊಟ್ಟಿ ಬಿಟ್ಟೇನ್ರಿ, ಎಂಟು ಕಿಲೋ ಇಳದೇನಿ.” ಕೇಳಿ ಸಂತೋಷಪಡುತ್ತೇವೆ. ಆದರೆ ಅದೇ ಮನುಷ್ಯರನ್ನು ಎರಡು ವರ್ಷಗಳ ಮೇಲೆ ಮತ್ತೆ ಕಂಡಾಗ ತೂಕದ ಸುದ್ದಿಯನ್ನು ಅವರೂ ಎತ್ತುವುದಿಲ್ಲ, ನಾವೂ ಕೇಳುವುದಿಲ್ಲ. ಇಳಿಸುವುದು ಒಂದು ಕಥೆ, ಇಳಿದಲ್ಲಿಯೇ ನಿಲ್ಲುವುದು ಇನ್ನೊಂದು ಕಥೆ. ಈ ಎರಡನೆಯದರ ಚರಿತ್ರೆಯನ್ನೇ ಇಲ್ಲಿ ತುಸು ನೋಡಬಯಸುತ್ತೇವೆ.

ಸ್ಥೂಲಕಾಯದ ಚಿಂತೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅತಿಸ್ಥೂಲನೂ ಅತಿಕೃಶನೂ ನಿಂದ್ಯರಾದ ಎಂಟು ಬಗೆಯ ಜನರಲ್ಲಿ ಸೇರಿದ್ದಾರೆ. ಇಬ್ಬರಲ್ಲಿ ಚಿಕಿತ್ಸೆಗೆ ಹೆಚ್ಚು ಕಷ್ಟನಾದವನು ಸ್ಥೂಲನೇ ಎಂದೂ ಅಲ್ಲಿ ಹೇಳಿದೆ. ಆದರೆ ಆ ಗ್ರಂಥ ಧಾನ್ಯವನ್ನು ಬಿಡಿಸುವುದಿಲ್ಲ. ಜವೆ, ಹೆಸರು, ಹುರುಳಿ, ಮಜ್ಜಿಗೆಗಳತ್ತ ತಿರುಗಿಸುತ್ತದೆ.

ಧಾನ್ಯವನ್ನೇ ದೂರವಿಡುವ ಪಥ್ಯ ಲೋಕಪ್ರಸಿದ್ಧವಾದುದು ಲಂಡನ್ನಿನ ವಿಲಿಯಂ ಬ್ಯಾಂಟಿಂಗರಿಂದ. ಅವರದು ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿ. 1862ರಲ್ಲಿ ಅವರ ಎತ್ತರ ಐದು ಅಡಿ ಐದು ಅಂಗುಲ, ತೂಕ 202 ಪೌಂಡು, ಎಂದರೆ ಸುಮಾರು 92 ಕಿಲೋ. ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಲಾರರು. ಮೆಟ್ಟಿಲಿಳಿಯುವಾಗ ಹಿಮ್ಮುಖವಾಗಿ ಇಳಿಯಬೇಕು. ದೋಣಿ ನಡೆಸಿದರು, ಹಸಿವೆ ಹೆಚ್ಚಿ ಮೈಯೂ ಹೆಚ್ಚಿತು. ಹಬೆಯ ಸ್ನಾನ, ಸಮುದ್ರದ ಗಾಳಿ, ಔಷಧ ಯಾವುದೂ ಫಲಿಸಲಿಲ್ಲ. ಕಡೆಗೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯರಲ್ಲಿಗೆ ಹೋದರು. ಈ ಹಾರ್ವೆಯವರು ಪ್ಯಾರಿಸ್ಸಿನಲ್ಲಿ ಕ್ಲೋಡ್ ಬರ್ನಾರರ ಉಪನ್ಯಾಸ ಕೇಳಿ, ಯಕೃತ್ತು ಸಕ್ಕರೆಯನ್ನು ಹುಟ್ಟಿಸುವ ವಿಚಾರವನ್ನು ಮನಸ್ಸಿನಲ್ಲಿಟ್ಟುಕೊಂಡವರು. ಕಿವಿಯನ್ನು ಬದಿಗಿಟ್ಟು ಊಟವನ್ನು ಹಿಡಿದರು: ಬ್ರೆಡ್ಡು, ಹಾಲು, ಸಕ್ಕರೆ, ಬಿಯರು, ಬಟಾಟೆ ಬಿಡಿ, ಮಾಂಸ, ಮೀನು, ಕಾಯಿಪಲ್ಯ ತಿನ್ನಿ. ಒಂದು ವರ್ಷದಲ್ಲಿ ಬ್ಯಾಂಟಿಂಗರು 46 ಪೌಂಡು ಇಳಿದರು. 1863ರಲ್ಲಿ ಸ್ವಂತ ಖರ್ಚಿನಿಂದ ಪುಸ್ತಿಕೆಯೊಂದನ್ನು ಅಚ್ಚುಹಾಕಿಸಿ ಹಂಚಿದರು. ಸ್ವೀಡನ್ನಿನ ಭಾಷೆಯಲ್ಲಿ ಪಥ್ಯ ಮಾಡುವುದಕ್ಕೆ ಇಂದಿಗೂ ಅವರ ಹೆಸರಿನಿಂದ ಬಂದ ಕ್ರಿಯಾಪದವೇ ಇದೆ.

ನಮಗೆ ಮುಖ್ಯವಾದುದು ಇದರ ಮುಂದಿನ ಭಾಗ. 1869ರ ನಾಲ್ಕನೆಯ ಮುದ್ರಣದ ಹೊತ್ತಿಗೂ ಬ್ಯಾಂಟಿಂಗರು ಇಳಿದ ತೂಕವನ್ನು ಬಿಟ್ಟುಕೊಟ್ಟಿರಲಿಲ್ಲ. 1878ರಲ್ಲಿ ತೀರಿಕೊಂಡಾಗ ಎಂಬತ್ತು ದಾಟಿದ ವೃದ್ಧರು. ಅವರ ತಟ್ಟೆಯನ್ನು ಹತ್ತಿರದಿಂದ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಾಯಿಸಿದ ಒಣ ಬ್ರೆಡ್ಡಿನ ಚೂರು, ಸ್ವಲ್ಪ ಹಣ್ಣು, ದ್ರಾಕ್ಷಾರಸ ಅವರಿಗಿದ್ದೇ ಇತ್ತು. ಅದು ಪೂರ್ಣ ವರ್ಜನೆಯಲ್ಲ, ಅವರು ಸಾಯುವತನಕ ಉಣ್ಣಬಲ್ಲ ಊಟ.

ಅವರು ತೀರಿಕೊಂಡ ಕಾಲದಲ್ಲಿ ನಮ್ಮ ಸೀಮೆಯಲ್ಲಿ ಏನು ನಡೆದಿತ್ತು? 1876-78ರ ಮಹಾಕ್ಷಾಮ. ಮದ್ರಾಸು ಪ್ರಾಂತದಲ್ಲಿ ರಿಚರ್ಡ್ ಟೆಂಪಲ್‌ರು ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಾಕೆಂದು ಗೊತ್ತುಪಡಿಸಿದರು. ವೈದ್ಯಾಧಿಕಾರಿ ಕಾರ್ನಿಷ್‌ರು ಸಾಲದೆಂದು ಹೋರಾಡಿದರು. ಈ ಜೋಡಿ ಮತ್ತೆ ಬಂತು. 1972ರಲ್ಲಿ ನ್ಯೂಯಾರ್ಕಿನಲ್ಲಿ ಡಾಕ್ಟರ್ ಅಟ್ಕಿನ್ಸರ ಪಿಷ್ಟವರ್ಜನೆಯ ಪುಸ್ತಕ ಹೊರಬಿತ್ತು. ಅದೇ ವರ್ಷ ಮಹಾರಾಷ್ಟ್ರಕ್ಕೆ ಘೋರ ಬರ ಬಿತ್ತು. ಜನ ಖಡಿ ಒಡೆದು, ಅಮೇರಿಕೆಯಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದು, ಕಾಮಗಾರಿಯಲ್ಲಿ ಹಂಚಿದ ಸುಖಡಿಯನ್ನು ಮಕ್ಕಳಿಗೆ ಉಳಿಸಿದರು. ಆ ತಲೆಮಾರಿನ ಅಜ್ಜಿಯ ಮುಂದೆ ಮೊಮ್ಮಗ ರೊಟ್ಟಿಯನ್ನು ತಟ್ಟೆಯಿಂದ ಸರಿಸಿದರೆ ಆಕೆಗೆ ಅದು ಪಥ್ಯವಾಗಿ ಕಾಣದು, ಅಪಶಕುನವಾಗಿ ಕಾಣುತ್ತದೆ. ನಾವು ಆಕೆಯನ್ನು ನಗಲಾರೆವು.

ಇನ್ನು ಲೆಕ್ಕ. ಅತ್ಯಲ್ಪ ಪಿಷ್ಟದ ಪಥ್ಯದಲ್ಲಿ ದಿನಕ್ಕೆ 20ರಿಂದ 50 ಗ್ರಾಂ ಪಿಷ್ಟಕ್ಕೆ ಮಾತ್ರ ಅವಕಾಶ. ನೂರು ಗ್ರಾಂ ಜೋಳದಲ್ಲಿ ಸುಮಾರು 70 ಗ್ರಾಂ ಪಿಷ್ಟ. ರೊಟ್ಟಿ ಬಿಟ್ಟು ಝುಣಕ ತಿಂದೇನೆಂದರೆ ಕಡಲೆಹಿಟ್ಟಿನಲ್ಲಿಯೂ ಹುರುಳಿಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಪಿಷ್ಟವೇ. ಉಳಿಯುವುದು ಶೇಂಗಾ, ಪುಂಡಿಪಲ್ಯ, ಮೊಸರು, ಬೆಣ್ಣೆ. ಮಾಂಸಾಹಾರಿಗಳಿಗೆ ದಾರಿ ಸುಲಭ. ಜತ್ತದ ಮಾಡಗ್ಯಾಳದ ಕುರಿ ಹೆಸರಾದ ತಳಿಯಲ್ಲವೇ? ಆದರೆ ಕುರುಬನಿಗೆ ಕುರಿ ಸಂತೆಗೆ ಒಯ್ಯುವ ಸಂಪತ್ತು. ಅವನ ಬುತ್ತಿಯಲ್ಲಿರುವುದೂ ರೊಟ್ಟಿಯೇ. 1928ರಲ್ಲಿ ಸ್ಟೆಫಾನ್ಸನ್ ಎಂಬ ಧ್ರುವಪ್ರದೇಶದ ಸಂಚಾರಿ ನ್ಯೂಯಾರ್ಕಿನ ವೈದ್ಯರ ಕಣ್ಗಾವಲಿನಲ್ಲಿ ಒಂದು ವರ್ಷ ಮಾಂಸವನ್ನೇ ಉಂಡು ಗಟ್ಟಿಯಾಗಿಯೇ ಉಳಿದರು; ಕೊಬ್ಬಿಲ್ಲದ ಮಾಂಸವನ್ನಷ್ಟೇ ಕೊಟ್ಟಾಗ ಕೆಲವೇ ದಿನಗಳಲ್ಲಿ ಹಾಸಿಗೆ ಹಿಡಿದರು.

ಮೊದಲ ವಾರಗಳಲ್ಲಿ ಸರ್ರನೆ ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು: ದೇಹದಲ್ಲಿ ಕೂಡಿಟ್ಟ ಪಿಷ್ಟ ಕರಗಿದಂತೆ ಅದು ಹಿಡಿದಿದ್ದ ನೀರೂ ಹೊರಡುತ್ತದೆ. ಅನಂತರ ಮೈ ಹಗುರಾದಷ್ಟೂ ಅದಕ್ಕೆ ಬೇಕಾಗುವ ಅನ್ನ ಕಡಿಮೆ, ಹಸಿವೆಯೋ ಹೆಚ್ಚು. 2003ರಲ್ಲಿ ಅಮೇರಿಕೆಯಲ್ಲಿ ಪ್ರಕಟವಾದ 63 ಜನರ ಪರೀಕ್ಷೆಯಲ್ಲಿ ಆರು ತಿಂಗಳಿಗೆ ಪಿಷ್ಟ ಬಿಟ್ಟವರೇ ಮುಂದಿದ್ದರು. ಹನ್ನೆರಡು ತಿಂಗಳಿಗೆ ಎಣಿಕೆಗೆ ಬರುವ ಅಂತರ ಉಳಿಯಲಿಲ್ಲ. 2008ರ ಇಸ್ರೇಲಿನ ಪರೀಕ್ಷೆಯಲ್ಲಿ 322 ಜನ. ಎರಡು ವರ್ಷಕ್ಕೆ ಪಿಷ್ಟ ತಗ್ಗಿಸಿದವರು ಸರಾಸರಿ 4.7 ಕಿಲೋ, ಕೊಬ್ಬು ತಗ್ಗಿಸಿದವರು 2.9 ಕಿಲೋ ಇಳಿದಿದ್ದರು. ಪಥ್ಯ ಸುಳ್ಳಲ್ಲ, ಆದರೆ ಪವಾಡವೂ ಅಲ್ಲ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಸಕ್ಕರೆ ರೋಗಕ್ಕೆ ಇನ್ಸುಲಿನ್ನನ್ನೋ ಗುಳಿಗೆಯನ್ನೋ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಏಕಾಏಕಿ ರೊಟ್ಟಿ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ನಮ್ಮ ಬಳಗದ ಹಿರಿಯರೊಬ್ಬರು ಹೀಗೆ ರೊಟ್ಟಿ ಬಿಟ್ಟು ಹತ್ತು ಕಿಲೋ ಇಳಿದವರು ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆಗೆ ಹೋದರು. ದಾಸೋಹದ ಪಂಕ್ತಿಯಲ್ಲಿ ಕುಳಿತು ಬೇಡವೆನ್ನಲಾಗಲಿಲ್ಲ. ಅಂದಿನಿಂದ ಸಡಿಲಾದ ಪಥ್ಯ ಹೋಳಿಯ ಹೊತ್ತಿಗೆ ಆರು ಕಿಲೋವನ್ನು ಮರಳಿ ತಂದಿತು. ಆಮೇಲೆ ಅವರು ಪೂರ್ತಿ ಬಿಡುವ ಹಟ ಕೈಬಿಟ್ಟು ಹೊತ್ತಿಗೊಂದು ತೆಳ್ಳನೆಯ ರೊಟ್ಟಿ, ಬೊಗಸೆ ತುಂಬ ಪಲ್ಯ, ಸಕ್ಕರೆಯಿಲ್ಲದ ಚಹ ಎಂದು ಮಾಡಿಕೊಂಡಿದ್ದಾರೆ. ಪ್ರತಿ ಅಮಾವಾಸ್ಯೆಗೆ ಅಡತಿ ಅಂಗಡಿಯ ತಕ್ಕಡಿಯ ಮೇಲೆ ನಿಂತು ತೂಕವನ್ನು ಕ್ಯಾಲೆಂಡರಿನ ಹಾಳೆಯಲ್ಲಿ ಬರೆದಿಡುತ್ತಾರೆ. ನಾಲ್ಕು ವರ್ಷಗಳ ಹಾಳೆಗಳನ್ನು ನಮಗೆ ತೋರಿಸಿದರು. ಅಂಕೆ ಎರಡು ಕಿಲೋಗಿಂತ ಆಚೀಚೆ ಸರಿದಿಲ್ಲ.